ಸೈಕಲ್ ಪ್ರಶ್ನೋತ್ತರ: ಕಾರಿಲ್ಲದ ಕಾಲುವೆ ದಂಡೆ

ಫ್ರಾನ್ಸಿನ ಕಾಲುವೆ ದಾರಿಯಲ್ಲಿ ಸೈಕಲ್ ತುಳಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಕಾಸರಗೋಡಿನ ಮೂಲೆ ಮೂಲೆಯಿಂದ ಪತ್ರ ಬಂದಿವೆ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮಗ ಟುಲೂಸ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಅಲ್ಲಿಂದ ಸಮುದ್ರದವರೆಗೆ ಕಾಲುವೆ ಬದಿಯಲ್ಲೇ ಸೈಕಲ್‌ನಲ್ಲಿ ಹೋಗೋಣ ಅಂತಾನೆ. ನನಗೆ 59. ನಿಜಕ್ಕೂ ವಾಹನ ಇರುವುದಿಲ್ಲವಾ? ದಾರಿ ಹೇಗಿದೆ? — ಅಡಿಕೆ ಕೃಷಿಕರು, ಬದಿಯಡ್ಕ

ಉತ್ತರ: ಮಗ ಹೇಳುವುದು ಕನಾಲ್ ದು ಮಿದಿ ಕಾಲುವೆಯ ಬಗ್ಗೆ. ಟುಲೂಸ್‌ನಿಂದ ಮೆಡಿಟರೇನಿಯನ್ ಪಕ್ಕದ ತೋ ಎಂಬ ಹಿನ್ನೀರಿನವರೆಗೆ ಸುಮಾರು 240 ಕಿ.ಮೀ. ದಂಡೆಯಲ್ಲಿ ವಾಹನ ಇಲ್ಲ ಅಂತಲೇ ಹೇಳಬಹುದು. ಅದು ರಸ್ತೆಯಾಗಿ ಹುಟ್ಟಿದ್ದೇ ಅಲ್ಲ. ಹಿಂದೆ ದೋಣಿಗೆ ಹಗ್ಗ ಕಟ್ಟಿ ಕುದುರೆಗಳು ಈ ದಂಡೆಯ ಮೇಲೆ ನಡೆದು ಎಳೆಯುತ್ತಿದ್ದವು. ಕುದುರೆಗೆ ಬೇಕಾದ್ದು ಸಪಾಟು ನೆಲ, ಸೈಕಲ್‌ಗೂ ಅದೇ ಬೇಕು ಅಲ್ವಾ?

ಇದನ್ನು ಕಟ್ಟಿದ್ದು 1666ರಿಂದ 1681ರವರೆಗೆ. ಕಟ್ಟಿಸಿದವರು ಪಿಯೆರ್-ಪೋಲ್ ರಿಕೆ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಮನುಷ್ಯ. ಕೃಷಿಕರಾದ ನಿಮಗೆ ಅವರ ತಲೆನೋವು ಬೇಗ ಅರ್ಥವಾದೀತು. ದೋಣಿ ಗುಡ್ಡೆ ಹತ್ತಿ ಇಳಿಯಬೇಕಾದರೆ ಎಲ್ಲಕ್ಕಿಂತ ಎತ್ತರದ ಜಾಗದಲ್ಲೇ ನೀರು ಬೇಕು. ಆ ಜಾಗ ನೊರೂಝ್, ಸಮುದ್ರದಿಂದ ಸುಮಾರು 190 ಮೀಟರ್ ಎತ್ತರ. ಅಲ್ಲಿ ಬಿಟ್ಟ ನೀರು ಒಂದು ಕಡೆ ಅಟ್ಲಾಂಟಿಕ್‌ಗೆ ಹೋಗುತ್ತದೆ, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ. ರಿಕೆ ಮೊಂತಾನ್ಯ್ ನ್ವಾರ್ ಬೆಟ್ಟದ ಹಳ್ಳಗಳನ್ನೆಲ್ಲ ತೋಡು ಕಡಿದು ಅಲ್ಲಿಗೆ ತಿರುಗಿಸಿದರು, ಬೇಸಗೆಗೆ ಬೇಕಲ್ಲ ಅಂತ ಸಾಂ ಫೆರಿಯೊಲ್‌ನಲ್ಲಿ ಅಣೆಕಟ್ಟು ಕಟ್ಟಿಸಿದರು. ಪಂಪಿಲ್ಲ, ಕರೆಂಟಿಲ್ಲ. ಗುಡ್ಡೆಗೆ ಅಡ್ಡ ಕೊರೆದ ನಮ್ಮ ಸುರಂಗದ ನೀರು ತೋಟಕ್ಕೆ ತಾನಾಗಿ ಬರುವ ಹಾಗೇ. ಪಾಪ, ಕಾಲುವೆ ಮುಗಿಯುವ ಮೊದಲೇ, 1680ರಲ್ಲಿ, ಅವರು ತೀರಿಕೊಂಡರು.

ಈಗ ದಾರಿ. ಟುಲೂಸ್‌ನಿಂದ ಮೊದಲ 50 ಕಿ.ಮೀ. ಡಾಮರು, ಮನೆಮಂದಿಯೆಲ್ಲ ಓಡಾಡುವ ಜಾಗ. ಆಮೇಲೆ ಮಣ್ಣು, ಜಲ್ಲಿ, ಕೆಲವು ಕಡೆ ಎರಡು ಅಡಿ ಅಗಲದ ಕಾಲುದಾರಿ. ಅಲ್ಲಿ ಪ್ಲೇನ್ ಎಂಬ ದೊಡ್ಡ ನೆರಳಿನ ಮರದ ಬೇರುಗಳು ದಾರಿಗೆ ಅಡ್ಡ ಎದ್ದಿವೆ. ಆ ಬೇರಿನ ದಾರಿಯಲ್ಲಿ ನನ್ನ ಮೊದಲ ದಿನ ಹೇಗಿತ್ತು ಅಂದರೆ, ಮಧ್ಯಾಹ್ನದ ಹೊತ್ತಿಗೆ ಹ್ಯಾಂಡಲ್ ಬಿಟ್ಟರೂ ಕೈ ನಡುಗುತ್ತಿತ್ತು, ಬಾಟಲಿಯ ಮುಚ್ಚಳ ತೆಗೆಯಲು ಬೆರಳು ಕೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಸುಮ್ನೆ ತೆಗೆದುಕೊಂಡು ತಿರುಗಿಸಿ ಕೊಟ್ಟರು. ಸಪಾಟು ದಾರಿ ಅಂದರೆ ಸುಲಭ ಅಂತ ಅಂದುಕೊಳ್ಳಬೇಡಿ. ಇಳಿಜಾರಿಲ್ಲದ ಕಡೆ ಕಾಲಿಗೆ ವಿರಾಮ ಇಲ್ಲ, ಸೀಟಿನ ಮೇಲೆ ಕೂತಲ್ಲೇ ಕೂತಿರಬೇಕು. ದಿನಕ್ಕೆ 40 ಕಿ.ಮೀ. ಸಾಕು. ಆರು ದಿನ ಇಟ್ಟುಕೊಳ್ಳಿ.

ನೆರಳನ್ನೂ ಪೂರ್ತಿ ನಂಬಬೇಡಿ. ದಂಡೆಯಲ್ಲಿ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು, ಇದಕ್ಕೆ ಮದ್ದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂತು ಅನ್ನುತ್ತಾರೆ. ರೋಗ ಬಂದ ಮರವನ್ನೂ ಅದರ ಅಕ್ಕಪಕ್ಕದ್ದನ್ನೂ ಕಡಿದು ಸುಡುತ್ತಾರೆ. ಎರಡೂ ಬದಿ ಬೋಳಾದ ದಂಡೆಯ ಮೇಲೆ ಹೋಗುವಾಗ ನನಗೆ ಹಳದಿ ರೋಗ ಬಂದ ಅಡಿಕೆ ತೋಟ ನೆನಪಾಯಿತು. ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ, ಆದರೆ ನೆರಳಿಗೆ ಇನ್ನೂ ಕಾಯಬೇಕು. ಟೊಪ್ಪಿ ಮರೆಯಬೇಡಿ.

ಇನ್ನೊಂದು ಜಾಗ ನಿಮಗೆ ಖಂಡಿತ ಇಷ್ಟವಾಗುತ್ತದೆ. ಬೆಜಿಯೆ ಊರಿಗೆ ಮುಂಚೆ ಸುಮಾರು 54 ಕಿ.ಮೀ. ಉದ್ದಕ್ಕೆ ಒಂದೇ ಒಂದು ಲಾಕ್‌ಗೇಟ್, ಅಂದರೆ ನೀರು ತುಂಬಿ ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡುವ ಬಾಗಿಲು, ಇಲ್ಲ. ನೀರನ್ನು ಒಂದೇ ಮಟ್ಟದಲ್ಲಿ ಒಯ್ಯಬೇಕಲ್ಲ, ಹಾಗಾಗಿ ಕಾಲುವೆ ಗುಡ್ಡೆಯ ಸೊಂಟಕ್ಕೆ ಅಂಟಿಕೊಂಡೇ ಸುತ್ತುತ್ತದೆ. ಎದುರಿಗೆ ಕಾಣುವ ಚರ್ಚಿನ ಗೋಪುರಕ್ಕೆ ಇನ್ನೇನು ಬಂದೆವು ಅನ್ನುವಾಗ ಅದು ಬೆನ್ನ ಹಿಂದೆ ಹೋಗಿರುತ್ತದೆ! ಎರಡೂ ಕಡೆ ದ್ರಾಕ್ಷಿ ತೋಟ. ಅಂದ ಹಾಗೆ, ಟುಲೂಸ್‌ನಿಂದ ಆಚೆ ಕಡೆಗೆ, ಗರೋನ್ ಕಾಲುವೆ ಹಿಡಿದು ಹೋದರೆ ಬೋರ್ಡೊ ಸಿಗುತ್ತದೆ. ಹೌದು, ಕೊಳೆರೋಗಕ್ಕೆ ನೀವು ಬಿಡುವ ಬೋರ್ಡೊ ಮದ್ದಿನ ಊರೇ. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿಗೆ ಬಂದ ಬೂಸ್ಟು ರೋಗಕ್ಕೆ ಹುಡುಕಿದ ಮದ್ದು ಅದು. ಆ ಕಡೆಯ ದಾರಿ ಬಹುಪಾಲು ಡಾಮರು. ನಿಮ್ಮ ಮನೆಯವರೂ ಜೊತೆಗೆ ತುಳಿಯುತ್ತಾರಾದರೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ಕೊಳ್ಳಲೇಬೇಕಾ? ನನ್ನ ಹತ್ತಿರ ಹೈಬ್ರಿಡ್ ಇದೆ. — ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ಬೇಡ. ಕೊಳ್ಳುವುದಾದರೆ ಟೈರ್ ಕೊಳ್ಳಿ. 40 ಮಿ.ಮೀ. ಅಗಲದ್ದು ಫ್ರೇಮಿನಲ್ಲಿ ಹಿಡಿಸುತ್ತದಾ ನೋಡಿ. 28ರ ತೆಳ್ಳನೆ ಟೈರ್ ಹಾಕಿ ಬೇರಿನ ದಾರಿಗೆ ಹೋದರೆ ರಿಮ್ಮಿಗೂ ಬೆನ್ನಿಗೂ ಪೆಟ್ಟು. ಗಾಳಿ ಜಾಸ್ತಿ ತುಂಬುವುದು ನಮ್ಮವರ ದೊಡ್ಡ ತಪ್ಪು. ಸೈಕಲ್ ಅಂಗಡಿಯವರು ಕಲ್ಲಿನ ಹಾಗೆ ತುಂಬಿ ಕೊಡುತ್ತಾರೆ, ನಾವು ಹೆಬ್ಬೆರಳಲ್ಲಿ ಒತ್ತಿ ತೃಪ್ತಿ ಪಡುತ್ತೇವೆ. 40 ಮಿ.ಮೀ. ಟೈರಿಗೆ 70 ಕಿಲೋ ತೂಕದವರಾದರೆ ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು ಸಾಕು. ಟೈರ್ ಸ್ವಲ್ಪ ಮೆತ್ತಗಿದ್ದರೆ ಜಲ್ಲಿಯ ಮೇಲೆ ಹಾರುವುದಿಲ್ಲ, ಹಿಡಿದುಕೊಳ್ಳುತ್ತದೆ.

ಅಭ್ಯಾಸಕ್ಕೆ ನೀವು ಫ್ರಾನ್ಸಿಗೇ ಹೋಗಬೇಕಾಗಿಲ್ಲ. ಅನಂತಪುರದ ಪಾರೆಯ ಮೇಲೆ ಒಂದು ಸುತ್ತು ಹಾಕಿ. ಆ ಮುರಕಲ್ಲಿನ ಮೇಲೆ ಎರಡು ಗಂಟೆ ತುಳಿದವನಿಗೆ ಕಾಲುವೆ ದಂಡೆ ಹಾಸಿಗೆ. ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಬಿದ್ದರೆ ಮೊಣಕಾಲು ಹೋಗುತ್ತದೆ, ಅಲ್ಲಿ ಬಿದ್ದರೆ ನೀರಿಗೇ. ನಾನು ಬಿದ್ದಿಲ್ಲ, ನನ್ನ ಚೀಲ ಬಿದ್ದಿದೆ. ಬಾಡಿಗೆಗೆ ತೆಗೆದುಕೊಂಡ ಸೈಕಲ್‌ನ ಕ್ಯಾರಿಯರ್ ಸ್ಕ್ರೂ ಸಡಿಲ ಇತ್ತು, ಕೊಟ್ಟವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪಾಸ್‌ಪೋರ್ಟ್ ಸೊಂಟದಲ್ಲಿತ್ತು, ದೇವರು ದೊಡ್ಡವನು. ಹೊರಡುವ ಮೊದಲು ಎಲ್ಲ ಸ್ಕ್ರೂ ಒಮ್ಮೆ ತಿರುಗಿಸಿ ನೋಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಳ್ಳಿ ದಾರಿಯಲ್ಲಿ ಊಟ, ನೀರು ಸಿಗುತ್ತದಾ? — ನಿವೃತ್ತ ಶಿಕ್ಷಕಿ, ಮಂಜೇಶ್ವರ

ಉತ್ತರ: ನೀರಿನ ವಿಷಯ ಕೇಳಿದರೆ ನಗುತ್ತೀರಿ. ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ. ಫ್ರಾನ್ಸಿನ ಹಳ್ಳಿಗಳಲ್ಲಿ ಸಮಾಧಿಯ ಹೂಗಿಡಗಳಿಗೆ ನೀರು ಹಾಕಲು ಗೇಟಿನ ಹತ್ತಿರ ನಲ್ಲಿ ಇರುತ್ತದೆ, ಸೈಕಲಿಗರೆಲ್ಲ ಬಾಟಲಿ ತುಂಬುವುದು ಅಲ್ಲೇ. ಮೊದಲ ಸಲ ನನಗೆ ಕಾಲು ಮುಂದೆ ಹೋಗಲಿಲ್ಲ, ಅಮ್ಮ ನೋಡಿದ್ದರೆ ಸ್ನಾನ ಮಾಡದೆ ಒಳಗೆ ಸೇರಿಸುತ್ತಿರಲಿಲ್ಲ. ಮೂರನೇ ದಿನ ಊರು ಕಂಡ ಕೂಡಲೇ ಶಿಲುಬೆ ಎಲ್ಲಿದೆ ಅಂತ ಹುಡುಕುತ್ತಿದ್ದೆ. ನಲ್ಲಿಯ ಮೇಲೆ ‘ನೊಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಊಟ ಸ್ವಲ್ಪ ಕಷ್ಟ. ಮಧ್ಯಾಹ್ನ 12ರಿಂದ 2ರವರೆಗೆ ಹಳ್ಳಿ ಅಂಗಡಿಗಳು ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ, ಸೋಮವಾರ ಬೇಕರಿಗೂ ಎಷ್ಟೋ ಕಡೆ ರಜೆ. ಬೆಳಿಗ್ಗೆಯೇ ಬ್ರೆಡ್ಡು, ಚೀಸ್, ಟೊಮೆಟೊ, ಹಣ್ಣು ಕಟ್ಟಿಕೊಳ್ಳಿ. ಕಾಸ್ತೆಲ್‌ನೋದರಿ ಊರಲ್ಲಿ ಕಸುಲೆ ಅಂತ ಬೀನ್ಸಿನ ಪದಾರ್ಥ ಬಹಳ ಹೆಸರುವಾಸಿ, ಬೀನ್ಸ್ ಅಲ್ವಾ ಅಂತ ತರಿಸಿಬಿಡಬೇಡಿ. ಅದರಲ್ಲಿ ಹಂದಿ, ಬಾತುಕೋಳಿ ಎಲ್ಲ ಇರುತ್ತದೆ. ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಇಟ್ಟುಕೊಳ್ಳಿ. ಆ ಬ್ರೆಡ್ಡಿಗೆ ಅದು ಎಷ್ಟು ಹೊಂದುತ್ತದೆ ಅಂದರೆ, ಫ್ರೆಂಚರಿಗೆ ಹೇಳಿಕೊಡಬೇಕು ಅನ್ನಿಸಿತು.

ಪ್ರಶ್ನೆ: ಬೇರು, ಬಿಸಿಲು ಬೇಡ. ಜಲ್ಲಿ ದಾರಿಯೇ ಬೇಕು, ಆದರೆ ನಯವಾಗಿರಬೇಕು. ಎಲ್ಲಿ? — ಬ್ಯಾಂಕ್ ನೌಕರ, ಉಪ್ಪಳ

ಉತ್ತರ: ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರಿಟನಿ ಪ್ರಾಂತ್ಯಕ್ಕೆ ಹೋಗಿ. ನಾಂತ್‌ನಿಂದ ಬ್ರೆಸ್ತ್‌ವರೆಗೆ 364 ಕಿ.ಮೀ. ಕಾಲುವೆ, 238 ಲಾಕ್‌ಗೇಟ್. ದಂಡೆಯ ದಾರಿ ಬಹುಪಾಲು ಸಣ್ಣ ಜಲ್ಲಿಯನ್ನು ಒತ್ತಿ ಮಾಡಿದ್ದು, ಟೈರಿನ ಕೆಳಗೆ ಸರ್ ಅಂತ ಒಂದೇ ಶಬ್ದ. ಇಂಗ್ಲಿಷರ ನೌಕಾಪಡೆ ಸಮುದ್ರದಲ್ಲಿ ದಾರಿ ತಡೆದರೂ ಬ್ರೆಸ್ತ್ ಬಂದರಿಗೆ ಒಳನಾಡಿನಿಂದಲೇ ಸಾಮಾನು ಸಾಗಿಸಬೇಕು ಅಂತ ನೆಪೋಲಿಯನ್ ಕಾಲದಲ್ಲಿ ಶುರು ಮಾಡಿದ ಕೆಲಸ. ಗ್ಲೊಮೆಲ್ ಹತ್ತಿರದ ದೊಡ್ಡ ಕಂದಕವನ್ನು ಕೈದಿಗಳಿಂದ ಅಗೆಸಿದರು. ಗೆರ್ಲೆದಾಂನಲ್ಲಿ ಅಣೆಕಟ್ಟು ಬಂದು ಕಾಲುವೆ ಮುಳುಗಿದೆ, ಅಲ್ಲಿ ಹಳೆಯ ರೈಲು ಹಳಿಯ ಜಾಗದ ಹಸಿರು ದಾರಿ ಹಿಡಿಯಬೇಕು. ಮಳೆ ಜಾಸ್ತಿ. ನಮಗೆ ಅದೇನು ಹೊಸದಾ?

ಪ್ರಶ್ನೆ: ಹೆಲ್ಮೆಟ್ ಕಡ್ಡಾಯವಾ? — ಮುಳ್ಳೇರಿಯ

ಉತ್ತರ: 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಕಡ್ಡಾಯ. ದೊಡ್ಡವರಿಗೆ ಅಲ್ಲ, ಆದರೂ ಹಾಕಿ. ಬೆಲ್ ಇರಲೇಬೇಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತುಳಿದರೆ 135 ಯೂರೋ ದಂಡ. ದಂಡೆ ಬಿಟ್ಟು ರಸ್ತೆಗೆ ಬಂದರೆ ಬಲಗಡೆ, ಬಲಗಡೆ, ಬಲಗಡೆ. ಹ್ಯಾಂಡಲ್‌ಗೆ ಚೀಟಿ ಅಂಟಿಸಿಕೊಳ್ಳಿ, ನಾನು ಅಂಟಿಸಿದ್ದೆ.

ಪ್ರಶ್ನೆ: ನಮ್ಮಲ್ಲಿ ಹೆದ್ದಾರಿ ಆರು ಪಥ ಆಗುತ್ತಿದೆ, ಸೈಕಲ್‌ಗೆ ಜಾಗವೇ ಇಲ್ಲ. ಅಂಥದ್ದೊಂದು ದಾರಿ ಇಲ್ಲೂ ಆದೀತಾ? — ಅಂಚೆ ನೌಕರ, ಪೆರ್ಲ

ಉತ್ತರ: ಸದ್ಯಕ್ಕೆ ತೋಟದ ನಡುವಿನ ಮಣ್ಣಿನ ದಾರಿಗಳೇ ಗತಿ. ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟರವರೆಗೆ ಹಾಲಿನ ಬೈಕು, ಶಾಲೆಯ ಜೀಪು ಬಿಟ್ಟರೆ ಏನೂ ಎದುರಾಗುವುದಿಲ್ಲ. ಆದರೆ ಕೋವಳಂನಿಂದ ಬೇಕಲದವರೆಗೆ ಸುಮಾರು 616 ಕಿ.ಮೀ. ಜಲಮಾರ್ಗದ ಯೋಜನೆ ಇದೆಯಲ್ಲ, ನನ್ನ ಕಣ್ಣು ಅದರ ಮೇಲೆ. ಕಾಲುವೆ ಅಗೆಯುವಾಗ ಯಂತ್ರ ಓಡಾಡಲು ಹೇಗೂ ದಂಡೆ ಬೇಕು. ಕೆಲಸ ಮುಗಿದ ಮೇಲೆ ಆ ದಂಡೆಯನ್ನು ಮೂರು ಮೀಟರ್ ಅಗಲಕ್ಕೆ ಹಾಗೇ ಬಿಟ್ಟು, ಜಲ್ಲಿ ಒತ್ತಿ, ಎರಡೂ ತುದಿಯಲ್ಲಿ ಕಾರು ನುಗ್ಗದ ಹಾಗೆ ಒಂದೊಂದು ಕಲ್ಲುಕಂಬ ನೆಟ್ಟರೆ ಆಯಿತು. ಫ್ರಾನ್ಸಿನವರು ಮಾಡಿದ್ದೂ ಬಹುಪಾಲು ಇಷ್ಟೇ, ಕುದುರೆ ಹೋದ ದಾರಿಯನ್ನು ಕಾರಿಗೆ ಕೊಡಲಿಲ್ಲ. ಈ ಬಗ್ಗೆ ಎರಡು ಪುಟದ ಮನವಿ ಬರೆದು ಕೊಟ್ಟಿದ್ದೇನೆ, ಕನ್ನಡದಲ್ಲೇ. ಉತ್ತರ ಮಲಯಾಳದಲ್ಲಿ ಬಂದರೆ ಓದಿ ಹೇಳಲು ಪಕ್ಕದ ಮನೆಯ ಹುಡುಗಿಗೆ ಈಗಲೇ ಹೇಳಿಟ್ಟಿದ್ದೇನೆ.