ಹಾಜರಿ ಪುಸ್ತಕದ ಹೊರಗಿನ ಮಗು, ಕಚೇರಿಯ ಒಳಗಿನ ಕಡತ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ್ದಾಗಿದ್ದವು: ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಿರುವ ಕುಟುಂಬಗಳಿಗೂ ಶಿಕ್ಷಣ ಇಲಾಖೆಯ ಕಾಗದಗಳಿಗೂ ನಡೆಯುತ್ತಿರುವ ತಿಕ್ಕಾಟ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇನೆ. ಕೇಳಿದವರ ಹೆಸರುಗಳನ್ನು ಅವರ ಕೋರಿಕೆಯಂತೆಯೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗಳಿಗೆ 9 ವರ್ಷ. ಮೂರನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ, ನಾನು ಮತ್ತು ನಮ್ಮ ಅತ್ತೆಯವರು ಮನೆಯಲ್ಲೇ ಕಲಿಸುತ್ತಿದ್ದೇವೆ. ಕಳೆದ ತಿಂಗಳು ಸಿ.ಆರ್.ಪಿ. (ಶಾಲೆಗಳ ಗುಂಪಿಗೊಬ್ಬರಂತೆ ಇರುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಒಬ್ಬರು ಬಂದು ಕೋಣೆಗಳನ್ನೆಲ್ಲ ನೋಡಿದರು, ಮಗಳಿಂದ 17ರ ಮಗ್ಗಿ ಹೇಳಿಸಿದರು, ಹೊರಡುವಾಗ ನೋಟೀಸು ಕೊಟ್ಟರು. ಮೂರು ದಿನದೊಳಗೆ ಶಾಲೆಗೆ ದಾಖಲಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿದೆ. ಮಗುವಿನ ಭವಿಷ್ಯಕ್ಕೆ ನಾವೇ ಹೊಣೆಯೆಂದು ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆದುಕೊಟ್ಟರೆ ಮುಂದೆ ನೋಡೋಣ ಎಂದೂ ಹೇಳಿದ್ದಾರೆ. ಪೊಲೀಸರು ಬರುತ್ತಾರೆಯೇ? (ಒಬ್ಬ ತಾಯಿ, ಮೈಸೂರು)

ಉತ್ತರ: ನೀವು ಲಗತ್ತಿಸಿದ ನೋಟೀಸಿನ ನಕಲನ್ನು ಎರಡು ಸಲ ನೋಡಿದೆ. ಕಚೇರಿಯಿಂದ ಹೊರಹೋಗುವ ಕಾಗದಕ್ಕೆ ಹಾಕುವ ಜಾವಕ ಸಂಖ್ಯೆಯ ಜಾಗ ಖಾಲಿ ಇದೆ, ದಿನಾಂಕವಿಲ್ಲ, ಯಾವ ಕಾಯ್ದೆಯ ಯಾವ ಸೆಕ್ಷನ್ ಎಂಬುದೂ ಇಲ್ಲ. ಮಗುವಿನ ಹೆಸರು ಮಾತ್ರ ನೀಲಿ ಬಾಲ್‌ಪೆನ್ನಿನಲ್ಲಿದೆ. ಉಳಿದದ್ದು ಜೆರಾಕ್ಸಿನ ಜೆರಾಕ್ಸ್ ಆಗಿ ಮಾಸಿಹೋದ ಅಕ್ಷರ. ಜಾವಕ ಸಂಖ್ಯೆ ಇಲ್ಲದ ಕಾಗದವೆಂದರೆ ಕಚೇರಿಯ ಲೆಕ್ಕದಲ್ಲಿ ಇನ್ನೂ ಹುಟ್ಟದ ಕಾಗದ. ಹಾಗೆಂದು ಅದನ್ನು ಹರಿದುಹಾಕಬೇಡಿ, ನಿಮ್ಮ ಕಡತದ ಮೊದಲ ಹಾಳೆ ಅದೇ ಆಗಲಿ.

ಕಾನೂನಿನ ಸ್ಥಿತಿ ಹೀಗಿದೆ. ಸಂವಿಧಾನದ 2002ರ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದನ್ನು ತಂದೆತಾಯಿಯರ ಮೂಲಭೂತ ಕರ್ತವ್ಯಗಳ ಸಾಲಿಗೂ ಸೇರಿಸಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿಯೊಬ್ಬ ಪೋಷಕರ ಕರ್ತವ್ಯವೆನ್ನುತ್ತದೆ. ಮನೆಯಲ್ಲೇ ಕಲಿಸುವುದು ನಮ್ಮ ಹಕ್ಕು, ಯಾರೂ ಕೇಳುವಂತಿಲ್ಲ ಎಂದು ನಿಮಗೆ ಧೈರ್ಯ ತುಂಬಿದವರು ಈ ಸೆಕ್ಷನ್ ಓದಿಲ್ಲ. ಜೈಲಾಗುತ್ತದೆ ಎಂದು ಹೆದರಿಸಿದವರು ಉಳಿದ ಪುಟಗಳನ್ನು ಓದಿಲ್ಲ, ಏಕೆಂದರೆ ಈ ಕರ್ತವ್ಯ ತಪ್ಪಿದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡವೂ ಇಲ್ಲ, ಸೆರೆವಾಸವೂ ಇಲ್ಲ. ‘ಕಡ್ಡಾಯ’ ಎಂಬ ಮಾತಿನ ಭಾರವನ್ನು 8ನೇ ಸೆಕ್ಷನ್ ಹೊರಿಸಿರುವುದು ಸರ್ಕಾರದ ಹೆಗಲಿಗೆ. ಮಗುವಿನ ದಾಖಲಾತಿ, ಹಾಜರಾತಿ, ಎಂಟನೆಯ ತರಗತಿಯವರೆಗಿನ ಕಲಿಕೆ ಮೂರನ್ನೂ ಖಚಿತಪಡಿಸಬೇಕಾದ್ದು ಅದರ ಬಾಧ್ಯತೆ.

ಆ ಬಾಧ್ಯತೆಯೇ ಸಿ.ಆರ್.ಪಿ.ಯವರನ್ನು ನಿಮ್ಮ ಹೊಸ್ತಿಲಿಗೆ ಕಳುಹಿಸಿದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಪತ್ರಿಕಾ ವರದಿಯೊಂದನ್ನು ಆಧರಿಸಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಂಥ ಮಕ್ಕಳ ಪಟ್ಟಿ ಎಂದರೆ ಇಲಾಖೆಯಲ್ಲಿ ಎಲ್ಲರೂ ಬೆವರುತ್ತಾರೆ. ನಾನು ಮಂಡ್ಯ ಜಿಲ್ಲೆಯಲ್ಲಿ ಶಿಕ್ಷಣ ಸಂಯೋಜಕನಾಗಿದ್ದಾಗ ಆ ಪಟ್ಟಿ ಹಿಡಿದು ಕಬ್ಬಿನ ಗದ್ದೆಗಳ ಬದುವಿನ ಮೇಲೆ ಓಡಾಡಿದ್ದೇನೆ. ಕಬ್ಬು ಕಡಿಯುವ ತಂಡದೊಡನೆ ಬಂದು, ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಗುಡಿಸಲ ಮುಂದೆ ನಿಂತಿರುತ್ತಿದ್ದ ಎಂಟು ವರ್ಷದ ಹುಡುಗಿಗಾಗಿ ಆದ ಪಟ್ಟಿ ಅದು. ಹೊರಗುಳಿಯಲು ಕಾರಣ ಎಂಬ ಕಾಲಂನಲ್ಲಿ ವಲಸೆ, ಬಡತನ, ಅನಾರೋಗ್ಯ ಎಂದೆಲ್ಲ ಬರೆಯುತ್ತಿದ್ದೆವು. ಅಜ್ಜಿಯ ಪಕ್ಕದಲ್ಲಿ ಕುಳಿತು ಓದುತ್ತಿರುವ ಮಗುವಿಗೆ ಕಾಲಂ ಇರಲಿಲ್ಲ. ನಿಮ್ಮ ಮನೆಗೆ ಬಂದವರ ತೊಂದರೆಯೂ ಬಹುಮಟ್ಟಿಗೆ ಇದೇ ಇರಬೇಕು.

ಆದ್ದರಿಂದ ಒಂದು ಪುಟದ ಉತ್ತರ ಬರೆಯಿರಿ. ಮಗುವಿನ ವಯಸ್ಸು, ಶಾಲೆ ಬಿಡಿಸಿದ ದಿನಾಂಕ, ಮನೆಯಲ್ಲಿ ಯಾರು ಯಾವ ವಿಷಯ ಕಲಿಸುತ್ತಿದ್ದೀರಿ ಎಂಬುದು, ಮುಂದೆ ಯಾವ ಪರೀಕ್ಷೆಗೆ ಕೂರಿಸುವ ಉದ್ದೇಶವಿದೆ ಎಂಬುದು ಇಷ್ಟಿದ್ದರೆ ಸಾಕು. ಕೊನೆಯಲ್ಲಿ, ನೋಟೀಸನ್ನು ಯಾವ ಕಾಯ್ದೆಯ ಯಾವ ಸೆಕ್ಷನ್ನಿನಡಿ ನೀಡಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಯದಿಂದ ಕೇಳಿ. ಎರಡು ಪ್ರತಿ ಒಯ್ದು ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಆವಕ (ಒಳಬಂದ ಕಾಗದದ) ಸಂಖ್ಯೆ ಮತ್ತು ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಗುಮಾಸ್ತರು ಹೇಳಿದರೆ, ಸಾಹೇಬರು ಬೇಡ, ಮೊಹರು ಸಾಕು ಎನ್ನಿ. ಅದಕ್ಕೂ ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆಯಡಿ, ಮನೆಯಲ್ಲಿ ಕಲಿಯುವ ಮಕ್ಕಳ ಬಗ್ಗೆ ಇಲಾಖೆ ಹೊರಡಿಸಿರುವ ಸುತ್ತೋಲೆಗಳ ಪ್ರತಿ ಕೋರಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ನೊಂದ ತಾಯಿಯ ಮನಸ್ಸಿನಲ್ಲಿರುವುದನ್ನೆಲ್ಲ 150 ಪದಗಳಿಗೆ ಇಳಿಸುವುದು ಕಷ್ಟವೆಂದು ಬಲ್ಲೆ, ಆದರೆ ನೋವನ್ನು ಬರೆಯುವ ಜಾಗ ಅದಲ್ಲ.

ಮುಚ್ಚಳಿಕೆಗೆ ಸಹಿ ಹಾಕಬೇಡಿ. ಅದನ್ನು ಕೊಡಲೇಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಸರ್ಕಾರದ ಮೇಲಿರುವ ಬಾಧ್ಯತೆಯನ್ನು ನೀವು ಛಾಪಾ ಕಾಗದದಲ್ಲಿ ಬರೆದುಕೊಟ್ಟು ಮನ್ನಾ ಮಾಡಲಾಗದು. ನಾಳೆ ನಿಮ್ಮ ಮಗಳು ಶಾಲೆಗೆ ಮರಳಬೇಕೆಂದಾಗ ಅದೇ ಹಾಳೆಯನ್ನು ನಿಮ್ಮ ಮುಂದೆ ಹಿಡಿಯಲೂಬಹುದು.

ಇನ್ನು ಮನೆಯೊಳಗೆ ಬರುವ ಮಾತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ, ಅವರು ನಮ್ಮ ರಾಜ್ಯದವರೇ. ಬಂದವರನ್ನು ಹಜಾರದಲ್ಲಿ ಕೂರಿಸಿ ಕಾಫಿ ಕೊಡಿ, ಗುರುತಿನ ಚೀಟಿಯನ್ನೂ ಆದೇಶದ ಪ್ರತಿಯನ್ನೂ ಕೇಳಿ ನೋಡಿ, ಮಗಳ ಪುಸ್ತಕಗಳನ್ನು ತೋರಿಸಿ. ಅಡುಗೆಮನೆಯನ್ನೂ ಮಲಗುವ ಕೋಣೆಯನ್ನೂ ತೋರಿಸಬೇಕಾಗಿಲ್ಲ. 17ರ ಮಗ್ಗಿಯ ವಿಷಯದಲ್ಲಿ ನನಗೆ ನಗು ಬಂತು. ಮೂರನೆಯ ತರಗತಿ ಮುಗಿಸಿದ ಎಷ್ಟು ಮಕ್ಕಳು ಅದನ್ನು ತಡವರಿಸದೆ ಹೇಳುತ್ತಾರೆಂದು ಕೇಳಿದವರಿಗೂ ಗೊತ್ತಿದೆ.

ಪ್ರಶ್ನೆ: ನಮ್ಮೂರಿನ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯವರು. ಮಗನ ಹೆಸರು ನಮ್ಮ ಹಾಜರಿಯಲ್ಲಿರಲಿ, ನೀವು ಮನೆಯಲ್ಲೇ ಕಲಿಸಿಕೊಳ್ಳಿ, ನಿಮಗೂ ನೋಟೀಸಿಲ್ಲ ನಮಗೂ ಮಕ್ಕಳ ಸಂಖ್ಯೆ ಉಳಿಯುತ್ತದೆ ಎಂದಿದ್ದಾರೆ. ಒಪ್ಪಬಹುದೇ? (ಒಬ್ಬ ರೈತರು, ಮದ್ದೂರು ತಾಲ್ಲೂಕು)

ಉತ್ತರ: ಅವರು ಕೆಟ್ಟ ಉದ್ದೇಶದಿಂದ ಹೇಳಿರಲಾರರು. ಮಕ್ಕಳ ಸಂಖ್ಯೆ ಕುಸಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಶಾಲೆಯೇ ಪಕ್ಕದೂರಿನದರೊಡನೆ ವಿಲೀನವಾಗಬಹುದು. ಆ ಚಿಂತೆಯಲ್ಲಿ ನಿದ್ದೆಗೆಟ್ಟ ಮೇಷ್ಟರುಗಳನ್ನು ಕಂಡಿದ್ದೇನೆ. ಆದರೂ ಒಪ್ಪಬೇಡಿ. ಹಾಜರಿಯಲ್ಲಿ ಹೆಸರಿದೆಯೆಂದರೆ ದಿನವೂ ಅದರ ಮುಂದೆ ಗುರುತು ಬೀಳಬೇಕು. ಆ ಗುರುತಿನ ಲೆಕ್ಕದಲ್ಲಿ ಬಿಸಿಯೂಟದ ಅಕ್ಕಿ ಬೇಳೆ ಖರ್ಚಾಗಬೇಕು, ಹಾಲಿನ ಪುಡಿ ಕದಡಬೇಕು, ಪಠ್ಯಪುಸ್ತಕ ಸಮವಸ್ತ್ರಗಳ ವಿತರಣಾ ವಹಿಯಲ್ಲಿ ಯಾರಾದರೂ ಸಹಿ ಹಾಕಬೇಕು. ಉಣ್ಣದ ಹುಡುಗನ ಹೆಸರಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಊಟ ಬರೆಯಬೇಕಾದೀತು. ತಪಾಸಣೆ ಬಂದ ದಿನ ಅಮಾನತಾಗುವವರು ಆ ಹೆಡ್‌ಮಾಸ್ಟರೇ. ನಿಮ್ಮ ಮಗನಿಗಾದರೂ ಕಲಿಯದ ಶಾಲೆಯ ಅಂಕಗಳು ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಕಾಯಂ ದಾಖಲಾಗಿ ಉಳಿಯುತ್ತವೆ.

ನಿಮ್ಮ ಹೆಡ್‌ಮಾಸ್ಟರು ನಿಜಕ್ಕೂ ನೆರವಾಗಬಯಸಿದರೆ, ಗ್ರಂಥಾಲಯದ ಪುಸ್ತಕಗಳನ್ನು ಓದಲು ಕೊಡಲಿ, ಪ್ರತಿಭಾ ಕಾರಂಜಿಯ ದಿನ ಮುಂದಿನ ಸಾಲಿನಲ್ಲಿ ಕೂರಿಸಿ ನೋಡಲು ಬಿಡಲಿ.

ಪ್ರಶ್ನೆ: ನಾವು ಮೂರು ಕುಟುಂಬದವರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಐದು ಮಕ್ಕಳಿಗೆ ಕಲಿಸುತ್ತೇವೆ. ಇದು ಅನಧಿಕೃತ ಶಾಲೆ, ಲಕ್ಷ ರೂಪಾಯಿ ದಂಡ ಎಂದು ಹೇಳಿ ಹೋಗಿದ್ದಾರೆ. (ಶ್ರೀರಂಗಪಟ್ಟಣದಿಂದ)

ಉತ್ತರ: ಲಕ್ಷದ ಮಾತು ಗಾಳಿಯದಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ 1 ಲಕ್ಷ ರೂಪಾಯಿಯವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಪೋಷಕರಿಗೆ ದಂಡ ವಿಧಿಸದ ಕಾಯ್ದೆ ಶಾಲೆ ನಡೆಸುವವರಿಗೆ ವಿಧಿಸುತ್ತದೆ, ಹಾಗಾಗಿ ನೀವು ಯಾವ ಕಡೆ ನಿಂತಂತೆ ಕಾಣುತ್ತೀರಿ ಎಂಬುದೇ ಮುಖ್ಯ. ಬೋರ್ಡು ನೇತುಹಾಕುವುದು, ಹೆಸರಿಡುವುದು, ಶುಲ್ಕ ಪಡೆಯುವುದು, ಕರಪತ್ರ ಹಂಚುವುದು, ನಾಲ್ಕನೆಯ ಐದನೆಯ ಕುಟುಂಬದಿಂದ ಹಣ ಪಡೆದು ಸಂಬಳಕ್ಕೆ ಮೇಷ್ಟರನ್ನು ಇಟ್ಟುಕೊಳ್ಳುವುದು, ಇವೆಲ್ಲ ನಿಮ್ಮನ್ನು ಶಾಲೆಯತ್ತ ಒಯ್ಯುತ್ತವೆ. ತಂದೆತಾಯಿಯರೇ ಸರದಿಯಲ್ಲಿ ತಮ್ಮ ಮಕ್ಕಳಿಗೆ ಕಲಿಸುವುದನ್ನು ಶಾಲೆ ಎನ್ನಲು ನನ್ನ ಮಟ್ಟಿಗೆ ಆಧಾರ ಕಾಣುವುದಿಲ್ಲ. ಆದರೆ ನಿಮ್ಮ ಪತ್ರದ ತಲೆಯಲ್ಲಿ ನೀವೇ ‘ಕಲಿಕಾ ಕೇಂದ್ರ’ ಎಂದು ಅಚ್ಚು ಹಾಕಿಸಿದ್ದೀರಲ್ಲ, ಮೊದಲು ಆ ಕಾಗದ ಬಿಡಿ.

ಪ್ರಶ್ನೆ: ಮಗನಿಗೆ ಸೆರೆಬ್ರಲ್ ಪಾಲ್ಸಿ, ವಯಸ್ಸು 11. ವಾರಕ್ಕೆರಡು ದಿನ ಮಾನಸಗಂಗೋತ್ರಿಗೆ ವಾಕ್ ಚಿಕಿತ್ಸೆಗೆ ಕರೆದೊಯ್ಯುತ್ತೇನೆ. ಶಾಲೆಗೆ ಬರಲೇಬೇಕು, ಇಲ್ಲವಾದರೆ ಹೆಸರು ತೆಗೆಯುತ್ತೇವೆ ಎನ್ನುತ್ತಾರೆ. (ಒಬ್ಬ ತಂದೆ, ಮೈಸೂರು)

ಉತ್ತರ: ಈ ಆರು ಪತ್ರಗಳಲ್ಲಿ ಕಾನೂನು ಹೆಸರು ಹಿಡಿದು ಬೆಂಬಲಿಸುವುದು ನಿಮ್ಮನ್ನೇ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆರಿಸಿಕೊಳ್ಳುವವರು ನೀವು, ಶಾಲೆಯವರಲ್ಲ. ಹೆಸರು ಹಾಜರಿಯಲ್ಲಿಯೇ ಇರಬೇಕು; ತಾಲ್ಲೂಕು ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು, ಮನೆಗೆ ಬಂದು ಕಲಿಸಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಪ್ರತಿ ಲಗತ್ತಿಸಿ ಹೆಡ್‌ಮಾಸ್ಟರಿಗೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಓ.) ಅವರಿಗೂ ಅರ್ಜಿ ಕೊಡಿ. ನಿರಾಕರಿಸಿದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ಬಾಯಲ್ಲಿ ‘ಆಗಲ್ಲ’ ಎಂದವರು ಹಿಂಬರಹದಲ್ಲಿ ಹಾಗೆ ಬರೆಯಲು ಹಿಂಜರಿಯುತ್ತಾರೆ. ಶೇಕಡಾ 40 ಮತ್ತು ಮೇಲ್ಪಟ್ಟ ಅಂಗವೈಕಲ್ಯವಿದ್ದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಉಚಿತ ಶಿಕ್ಷಣದ ಹಕ್ಕು 18 ವರ್ಷದವರೆಗೂ ಇದೆ.

ಪ್ರಶ್ನೆ: ಮಗ ನಾಲ್ಕನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ. ಈಗ 12 ವರ್ಷ. ಮುಕ್ತ ಶಾಲೆಯ ಪರೀಕ್ಷೆ ಬರೆಸಿ ನೇರವಾಗಿ ಪಿಯುಸಿಗೆ ಸೇರಿಸಿ ಇಂಜಿನಿಯರಿಂಗ್ ಓದಿಸುವ ಆಸೆ. ತೊಂದರೆಯಿದೆಯೇ? (ಮಳವಳ್ಳಿಯಿಂದ)

ಉತ್ತರ: ಪರೀಕ್ಷೆಗೆ ತೊಂದರೆಯಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್.ಐ.ಓ.ಎಸ್.) ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ 14 ವರ್ಷ ತುಂಬಿದವರು ನೋಂದಾಯಿಸಬಹುದು. ಕನಿಷ್ಠ 5 ವಿಷಯ, ಅದರಲ್ಲಿ ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಐದು ವರ್ಷದೊಳಗೆ ಕಂತುಕಂತಾಗಿ ಮುಗಿಸಲೂಬಹುದು.

ತೊಡಕಿರುವುದು ಸಿಇಟಿಯಲ್ಲಿ. ಸರ್ಕಾರಿ ಕೋಟಾದ ಸೀಟಿಗೆ ಹೆಚ್ಚಿನವರು ಬಳಸುವ ‘ಎ’ ಷರತ್ತಿನಂತೆ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ 7 ವರ್ಷ ರಾಜ್ಯದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ನಿಮ್ಮ ಮಗನದು ಪ್ರಾಥಮಿಕ ಶಾಲೆಯ ನಾಲ್ಕು, ಪಿಯುಸಿಯ ಎರಡು, ಒಟ್ಟು ಆರು. ಒಂದೇ ಒಂದು ವರ್ಷ ಕಡಿಮೆ! ಒಂಬತ್ತನೆಯ ಅಥವಾ ಹತ್ತನೆಯ ತರಗತಿಗೆ ಶಾಲೆಗೆ ಮರಳಿದರೆ ಲೆಕ್ಕ ಕೂಡುತ್ತದೆ. ಗ್ರಾಮೀಣ ಕೃಪಾಂಕವೆಂದು ಜನ ಕರೆಯುವ ಶೇಕಡಾ 15ರ ಮೀಸಲಾತಿಗೂ ಕನ್ನಡ ಮಾಧ್ಯಮದ ಶೇಕಡಾ 5ಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷದ ವ್ಯಾಸಂಗ ಬೇಕು, ಬಿ.ಇ.ಓ. ಮೇಲುರುಜು ಇರುವ ಪ್ರಮಾಣಪತ್ರ ಬೇಕು. ಅವೆರಡೂ ನಿಮ್ಮ ಕೈತಪ್ಪಿವೆ. ಮಂಡ್ಯ ಜಿಲ್ಲೆಯ ಹಳ್ಳಿಯ ಹುಡುಗನಿಗೆ ಇದು ಸಣ್ಣ ನಷ್ಟವಲ್ಲ. ಶಾಲೆ ಬಿಡಿಸುವ ಮೊದಲು ಇದನ್ನು ನಿಮಗೆ ಯಾರಾದರೂ ಹೇಳಬೇಕಿತ್ತು. ಬೇರೆ ಷರತ್ತುಗಳಡಿ ಅರ್ಹತೆ ಸಿಗುವುದೇ ಎಂಬುದನ್ನು ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆ ಓದಿ, ಈಗಲೇ ತೀರ್ಮಾನಿಸಿ.

ಪ್ರಶ್ನೆ: ಎರಡು ವರ್ಷ ಮನೆಯಲ್ಲಿ ಕಲಿತ ಮಗಳು ಈಗ ತಾನಾಗಿಯೇ ಶಾಲೆಗೆ ಹೋಗುತ್ತೇನೆ ಎನ್ನುತ್ತಾಳೆ. ವಯಸ್ಸು 10. ಟಿಸಿ ಇಲ್ಲ, ಆಧಾರ್ ಇಲ್ಲ, ಜೂನ್ ಮುಗಿದಿದೆ, ಪರೀಕ್ಷೆ ಬರೆಸಿ ನೋಡಿ ಮೂರನೆಯ ತರಗತಿಗೆ ಹಾಕುತ್ತೇವೆ ಎಂಬ ಉತ್ತರ ಸಿಕ್ಕಿದೆ. (ಪಾಂಡವಪುರದಿಂದ)

ಉತ್ತರ: ನಾಲ್ಕು ಅಡ್ಡಿ ಹೇಳಿದ್ದಾರೆ, ನಾಲ್ಕೂ ನಿಲ್ಲುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆಂದೂ ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕೆಂದೂ ಹೇಳುತ್ತದೆ. 13ನೇ ಸೆಕ್ಷನ್ ಪ್ರವೇಶ ಪರೀಕ್ಷೆಯನ್ನೇ ನಿಷೇಧಿಸಿದೆ, 14ನೆಯದರಂತೆ ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿ ಕಳುಹಿಸುವಂತಿಲ್ಲ, 15ನೆಯದರಂತೆ ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಆಧಾರ್ ಇಲ್ಲವೆಂದು ಶಾಲಾ ಪ್ರವೇಶ ತಪ್ಪಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಟಿಸಿಯನ್ನು ಹಿಂದಿನ ಶಾಲೆಯಿಂದ ಆಮೇಲೆ ತರಿಸಿಕೊಳ್ಳಬಹುದು. ಮಗಳನ್ನೂ ಅವಳ ಎರಡು ವರ್ಷದ ನೋಟ್‌ಬುಕ್ಕುಗಳನ್ನೂ ಕರೆದುಕೊಂಡು ಸೋಮವಾರವೇ ಹೋಗಿ, ಐದನೆಯ ತರಗತಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.