ಆನ್‌ಲೈನ್ ಕೋರ್ಸ್ ಮಾಡಿದರೆ ಬಾಡಿಗೆಗೆ ಡ್ರೋನ್ ಹಾರಿಸಬಹುದೇ?

ಮೂಡಿಗೆರೆಯವರೇ, ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇಟ್ಟುಕೊಂಡು ತೋಟಗಳಿಗೆ ಬಾಡಿಗೆಗೆ ಔಷಧಿ ಹೊಡೆಯಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆ ಇರುವ ತರಬೇತಿ ಕೇಂದ್ರದಲ್ಲಿ ಮೈದಾನಕ್ಕಿಳಿದು ಹಾರಿಸಿ, ಪರೀಕ್ಷೆ ಪಾಸಾದವರಿಗಷ್ಟೇ ಅದು ಸಿಗುತ್ತದೆ. 10 ವರ್ಷ ನಡೆಯುತ್ತದೆ. ವಯಸ್ಸು 18ರಿಂದ 65ರೊಳಗೆ, ಹತ್ತನೇ ತರಗತಿ ಪಾಸಾಗಿರಬೇಕು. ದುಡ್ಡು ಕಟ್ಟುವ ಮುಂಚೆ ಕೇಂದ್ರದ ಹೆಸರು ಡಿಜಿಸಿಎ ಪಟ್ಟಿಯಲ್ಲಿದೆಯಾ, ನಿಮಗೆ ಬೇಕಾದ ತೂಕದ ವರ್ಗಕ್ಕೇ ಮಾನ್ಯತೆ ಇದೆಯಾ ನೋಡಿ. 10 ಲೀಟರ್ ಟ್ಯಾಂಕಿನ ಡ್ರೋನ್‌ಗಳು ಸಾಮಾನ್ಯವಾಗಿ 2ರಿಂದ 25 ಕೆ.ಜಿ.ಯ ‘ಸ್ಮಾಲ್’ ವರ್ಗಕ್ಕೆ ಬರುತ್ತವೆ.

ಹಾಗಂತ ಆನ್‌ಲೈನ್ ಪಾಠ ದಂಡವಲ್ಲ. ನಿಯಮ, ಹವಾಮಾನ, ಬ್ಯಾಟರಿ ವಿಷಯ ಅಲ್ಲೇ ಕಲಿತು ಹೋಗಿ. ಸಿಮ್ಯುಲೇಟರ್‌ನಲ್ಲಿ ಡ್ರೋನಿನ ಮೂತಿ ನಿಮ್ಮ ಕಡೆ ತಿರುಗಿಸಿ ಹಾರಿಸುವುದನ್ನೇ ಹೆಚ್ಚು ಅಭ್ಯಾಸ ಮಾಡಿ. ಆಗ ಎಡ ಬಲ ಅದಲುಬದಲಾಗುತ್ತದೆ, ಹೊಸಬರು ಬೀಳಿಸುವುದು ಅಲ್ಲೇ.

ಇನ್ನು ಕಾಫಿ ತೋಟವನ್ನೇ ನಂಬಿಕೊಳ್ಳಬೇಡಿ. ಸಿಲ್ವರ್ ಓಕ್ ನೆರಳಿನ ಮೇಲಿಂದ ಹೊಡೆದರೆ ಔಷಧಿಯ ಬಹುಪಾಲು ಮರದ ಎಲೆಗೇ ನಿಲ್ಲುತ್ತದೆ, ಗಿಡಕ್ಕೆ ಇಳಿಯುವುದಿಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವುದಾದರೆ ಸುಣ್ಣವನ್ನು ಚೆನ್ನಾಗಿ ಸೋಸಿ, ಇಲ್ಲದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಹಾಸನ ಕಡೆಯ ಬಯಲಿನ ಮುಸುಕಿನ ಜೋಳ, ಆಲೂಗಡ್ಡೆ ಹೊಲಗಳಲ್ಲಿ ಶುರುಮಾಡುವುದು ಒಳ್ಳೆಯದು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಬಿಸಿ ಇರುವಾಗಲೇ ಚಾರ್ಜಿಗೆ ಹಾಕಬೇಡಿ. ಮಳೆಗಾಲದಲ್ಲಿ ಕೆಲಸ ನಿಂತಾಗ ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ. ಪೂರ್ತಿ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಉಬ್ಬಿಕೊಳ್ಳುತ್ತದೆ.