ಹೊಗಳಿಕೆಯೂ ಬೈಗುಳವೂ ಒಂದೇ ಫೋನಿಗೆ ಬರುತ್ತವೆ: ಫುಟ್‌ಬಾಲ್ ಆಟಗಾರನೊಬ್ಬನ ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದದ್ದು. ವಯಸ್ಸು, ಊರು, ಪಂದ್ಯದ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದೆ.)

ಹೊಸನಗರದ ಕಡೆಯ ಹುಡುಗ, ಇಪ್ಪತ್ತು ದಾಟಿ ಮೂರ್ನಾಲ್ಕು ವರ್ಷ. ಹೊರರಾಜ್ಯದ ವೃತ್ತಿಪರ ಕ್ಲಬ್ ಒಂದರಲ್ಲಿ ರೈಟ್ ಬ್ಯಾಕ್, ಅಂದರೆ ಬಲಬದಿಯ ರಕ್ಷಣಾ ಆಟಗಾರ. ಸೀಸನ್ನಿನ ಕೊನೆಯಲ್ಲಿ ಅವನ ಕಾಲಿಗೆ ತಾಗಿದ ಬಾಲ್ ಸೆಲ್ಫ್ ಗೋಲ್ ಆಗಿ ತಂಡ ಸೋತಿತ್ತು. ಮಳೆ ಹಿಡಿದ ಮೇಲೆ ಊರಿಗೆ ಬಂದವನನ್ನು ಚಿಕ್ಕಪ್ಪ ಶಿವಮೊಗ್ಗಕ್ಕೆ, ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದರು. "ಊಟ ಸೇರ್ತಿಲ್ಲ, ರಾತ್ರಿ ನಿದ್ದೆ ಇಲ್ಲ. ಎಂತ ಆಯ್ತು ಮಾರಾಯ ಅಂದ್ರೆ ಎಂತ ಇಲ್ಲ ಅಂತಾನೆ ಮೇಡಂ" ಎಂದರು.

ಮೊದಲ ದಿನ ಅವನ ಬಾಯಿಗಿಂತ ಕಾಲು ಹೆಚ್ಚು ಹೇಳಿತು. ಹಿಮ್ಮಡಿಯ ಮೇಲೆ, ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಕಚ್ಚಿದ ಗುರುತುಗಳಿದ್ದವು. ಕೆಲವನ್ನು ಕೆರೆದು ಹುಣ್ಣು ಮಾಡಿಕೊಂಡಿದ್ದ. ಕಾಲನ್ನೇ ನಂಬಿ ಬದುಕುವವನ ಕಾಲು ಹೀಗಿರುವುದೇಕೆ ಎಂದು ಕೇಳಿದ ಮೇಲೆ ವಿಷಯ ಹೊರಬಂತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಟಾರ್ಚು, ಕೊಡೆ ಹಿಡಿದು ಅಲ್ಲಿಗೆ ಹೋಗಿ ಜನ ತನ್ನ ಬಗ್ಗೆ ಬರೆದದ್ದನ್ನು ಓದುತ್ತಿದ್ದ. ಬೈಗುಳ ಓದಿ ಸಾಕಾದಾಗ ಕಳೆದ ವರ್ಷದ ಹೊಗಳಿಕೆಯನ್ನು ಹುಡುಕುತ್ತಿದ್ದ. ಅದರ ಕೆಳಗೂ ಹೊಸ ಬೈಗುಳ ಬಂದಿರುತ್ತಿತ್ತು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 12 ಅಂಕ ಬಂತು. 10ರಿಂದ 14 ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ಕಾಗದಕ್ಕೆ ಬಿಟ್ಟು ಸುಮ್ಮನಾಗದೆ ಬಾಯಿಬಿಟ್ಟು ಕೇಳಲೇಬೇಕು. ಆ ಯೋಚನೆ ಇಲ್ಲ ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮೊಣಕಾಲು ಮುರಿದ್ರೆ ಒಳ್ಳೇದಿತ್ತು ಅನ್ಸಿದ್ದು ಉಂಟು. ಆರು ತಿಂಗಳು ಯಾರೂ ಎಂತ ಕೇಳಲ್ಲ" ಎಂದ. ತಾನೊಬ್ಬನೇ ಹೀಗೆ ಯೋಚಿಸುವ ಹೇಡಿ ಎಂದು ಅವನು ತಿಳಿದಿದ್ದ. ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಪರ್ ಮೆರ್ಟೆಸಾಕರ್ ಅವರ ವಿಷಯ ಹೇಳಿದೆವು. ಪಂದ್ಯಕ್ಕೆ ಮುಂಚೆ ವಾಕರಿಕೆ ಬರುತ್ತಿತ್ತು, 2006ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತಾಗ ದುಃಖದ ಜೊತೆಗೆ 'ಸದ್ಯ ಮುಗಿಯಿತು' ಎಂಬ ನಿರಾಳವೂ ಆಗಿತ್ತು ಎಂದು ಅವರು 2018ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಹುಡುಗ ತಲೆ ಎತ್ತಿ ನೋಡಿದ್ದು ಆಗಲೇ.

ಆಟಗಾರರಿಗೆ ಅಭಿಮಾನಿಗಳ ಮೇಲೆ ನಿಜಕ್ಕೂ ಎಂಥ ಭಾವನೆ ಇರುತ್ತದೆ ಎಂಬುದಕ್ಕೆ ಪ್ರೀತಿ, ಸಿಟ್ಟು ಎಂದು ಒಂದೇ ಮಾತಿನ ಉತ್ತರ ಇಲ್ಲ. ಬಾಲ್ ಓಡುತ್ತಿರುವಷ್ಟು ಹೊತ್ತು ಇಡೀ ಸ್ಟೇಡಿಯಂ ಒಂದೇ ಗದ್ದಲ, ಯಾರ ಮಾತೂ ಬಿಡಿಯಾಗಿ ಕೇಳುವುದಿಲ್ಲ. ಬಾಲ್ ನಿಂತಾಗ ಕೇಳುತ್ತದೆ: ಥ್ರೋ ಹಾಕುವಾಗ, ಕಾರ್ನರ್‌ಗೆ ಕಾಯುವಾಗ, ಬದಲಿ ಆಟಗಾರ ಗೆರೆಯಾಚೆ ವಾರ್ಮಪ್ ಮಾಡುವಾಗ, ಟನಲ್ ಕಡೆ ನಡೆಯುವಾಗ. ರೈಟ್ ಬ್ಯಾಕ್ ಅರ್ಧ ಪಂದ್ಯವನ್ನು ಒಂದೇ ಗ್ಯಾಲರಿಯ ಪಕ್ಕದಲ್ಲಿ ಆಡುತ್ತಾನೆ, ಆದ್ದರಿಂದ ಅವನಿಗೆ ಕೇಳುವಷ್ಟು ಸೆಂಟರ್ ಮಿಡ್‌ಫೀಲ್ಡರ್‌ಗೆ ಕೇಳುವುದಿಲ್ಲ. ಬೆಂಗಳೂರಿನ ಕಂಠೀರವದಂಥ ಕಡೆ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಮಾತು ಅಷ್ಟು ಚುಚ್ಚುವುದಿಲ್ಲ. ಗ್ಯಾಲರಿ ಗೆರೆಗೇ ಅಂಟಿಕೊಂಡಿರುವ ಮೈದಾನದಲ್ಲಿ ಅಮ್ಮನ ಹೆಸರು ಎತ್ತಿ ಬೈದರೆ ಅಷ್ಟೂ ಅಕ್ಷರ ಕಿವಿಗೆ ಬೀಳುತ್ತದೆ.

ಎದುರಾಳಿ ಊರಿನವರ ಶಿಳ್ಳೆ, ಬೈಗುಳವನ್ನು ಹೆಚ್ಚಿನವರು ತಲೆಗೆ ಹಚ್ಚಿಕೊಳ್ಳುವುದಿಲ್ಲ. ನಮ್ಮ ಆಟ ಅವರಿಗೆ ತಟ್ಟಿದೆ ಎಂದೇ ಲೆಕ್ಕ. ತಡೆಯಲಾಗದ್ದು ಸ್ವಂತ ಸ್ಟೇಡಿಯಂನ 'ಅಯ್ಯೋ'. ಒಂದು ತಪ್ಪು ಪಾಸಿಗೆ ಸಾವಿರ ಜನ ಒಟ್ಟಿಗೆ ಹಾಗಂದರೆ, ಮುಂದಿನ ಬಾಲ್ ಬಂದಾಗ ಆಟಗಾರ ಮುಂದಕ್ಕೆ ಆಡಲು ಹೆದರಿ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡುತ್ತಾನೆ. ಅದಕ್ಕೆ ಇನ್ನೊಂದು 'ಅಯ್ಯೋ'. ಸೆಲ್ಫ್ ಗೋಲ್ ಆದ ಮೇಲಿನ ನಲವತ್ತು ನಿಮಿಷ ಇವನು ಆಡಿದ್ದು ಹೀಗೆಯೇ. ಕೋಚ್ ಆಮೇಲೆ ಆಕ್ಷೇಪಿಸಿದ್ದು ಕೂಡ ಗೋಲನ್ನಲ್ಲ, ಆ ನಲವತ್ತು ನಿಮಿಷವನ್ನು.

ಹಾಗಂತ ಜನ ಬೇಡವೇ? ಬೇಕು, ಆಟಗಾರರಿಗೇ ಅದು ಚೆನ್ನಾಗಿ ಗೊತ್ತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದ ಪಂದ್ಯಕ್ಕೆ ಬಂದಿದ್ದವರು ಸುಮಾರು 2,500 ಮಂದಿ. ಮರುದಿನ ಆಗಿನ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬೈಯುವುದಿದ್ದರೂ ಸ್ಟೇಡಿಯಂಗೇ ಬಂದು ಬೈಯಿರಿ ಎಂಬ ಅರ್ಥದಲ್ಲಿ ಬೇಡಿಕೊಂಡರು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ ಉಳಿಯಲಿಲ್ಲ. ಟಿಕೆಟ್ ಕೊಂಡು, ಬಸ್ ಹತ್ತಿ ಬಂದವನು ಬೈದರೆ ಅದು ಅವನ ಸಂಕಟ ಎಂದು ಆಟಗಾರನಿಗೆ ಅರ್ಥವಾಗುತ್ತದೆ. ಫೋನಿನಲ್ಲಿ ಬರುವುದು ಬೇರೆ ಜಾತಿಯದು. 2021ರ ಜುಲೈ 11ರಂದು ಯೂರೊ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಗೋಲ್ ಹೊಡೆಯಲಾಗದ ಇಂಗ್ಲೆಂಡಿನ ರಾಶ್‌ಫೋರ್ಡ್, ಸಾಂಚೊ, ಸಾಕಾ ಮೂವರಿಗೂ ಬಂದ ಜನಾಂಗೀಯ ನಿಂದನೆಗೂ ಆಟಕ್ಕೂ ಸಂಬಂಧವೇ ಇರಲಿಲ್ಲ. ಸಾಕಾಗೆ ಆಗ 19 ವರ್ಷ.

ಎರಡನೆಯ ಭೇಟಿಗೆ ಹುಡುಗನಿಗೆ ಒಂದು ಕೆಲಸ ಕೊಟ್ಟೆವು. ಅತಿ ಹೆಚ್ಚು ನೋಯಿಸಿದ ಮೆಸೇಜುಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯಬೇಕು. ಪಕ್ಕದಲ್ಲಿ ಎರಡು ಕಲಂ: ಇವನು ಪಂದ್ಯ ನೋಡಿದ್ದಾನೆ ಎನ್ನುವುದಕ್ಕೆ ಏನು ಗುರುತು? ಇವನ ಮಾತಿನಿಂದ ನಾಳೆಯ ಪ್ರಾಕ್ಟೀಸಿನಲ್ಲಿ ಬದಲಿಸುವಂಥದ್ದು ಏನಾದರೂ ಇದೆಯಾ? ಹೆಚ್ಚಿನವಕ್ಕೆ ಎರಡೂ ಕಲಂ ಖಾಲಿ ಉಳಿದವು. ಕೆಲವು, ಬೆಟ್ಟಿಂಗಿನಲ್ಲಿ ದುಡ್ಡು ಕಟ್ಟಿ ಕಳೆದುಕೊಂಡವರದ್ದು. ಒಬ್ಬ ಮಾತ್ರ 'ಕ್ರಾಸ್ ಬರುವಾಗ ನಿನ್ನ ಮೈ ಗೋಲಿನ ಕಡೆ ತಿರುಗಿತ್ತು' ಎಂದು ಬರೆದಿದ್ದ. ಹುಡುಗ ಅದನ್ನು ಓದಿ, "ಇದು ಸರಿ ಮೇಡಂ" ಎಂದ. ಆ ಸಾಲನ್ನು ಇಟ್ಟುಕೊಂಡು ಉಳಿದದ್ದಕ್ಕೆ ಗೀಟು ಹಾಕಿಸಿದೆವು.

ಫೋನ್ ಬಿಡು ಎಂದು ಹೇಳುವುದು ಸುಲಭ, ನಡೆಯುವುದಿಲ್ಲ. ಸೋಲುವುದು ಎಲ್ಲಿ ಎಂದರೆ, ಬೈಗುಳ ಓದಬೇಡ ಎನ್ನುತ್ತೇವೆ, ಹೊಗಳಿಕೆಗೆ ಬಾಗಿಲು ತೆರೆದೇ ಇಡುತ್ತೇವೆ. ಎರಡೂ ಬರುವುದು ಒಂದೇ ಬಾಗಿಲಿನಿಂದ. ಗೆದ್ದ ರಾತ್ರಿ ಅಪರಿಚಿತರ ಮಾತಿನಿಂದ ಎದೆ ಉಬ್ಬಿಸಿಕೊಂಡವನಿಗೆ ಸೋತ ರಾತ್ರಿ ಅವರ ಮಾತು ಲೆಕ್ಕಕ್ಕಿಲ್ಲ ಎಂದರೆ ಮನಸ್ಸು ಕೇಳುವುದಿಲ್ಲ. ಆದ್ದರಿಂದ ನಿಯಮ ಎರಡಕ್ಕೂ ಒಂದೇ ಮಾಡಿದೆವು: ಪಂದ್ಯದ ದಿನ ಮತ್ತು ಮರುದಿನ ಏನೂ ಓದುವುದಿಲ್ಲ, ಗೆಲ್ಲಲಿ, ಸೋಲಲಿ. ಉಳಿದ ದಿನ ಮಧ್ಯಾಹ್ನದ ಊಟದ ನಂತರ 20 ನಿಮಿಷ. ಮೊದಲ ಮೂರು ವಾರ ಮಾತ್ರ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅಕ್ಕನ ಕೈಯಲ್ಲಿ. ಅಕ್ಕನಿಗೂ ಹೇಳಿದ್ದೆವು: ಒಳ್ಳೆಯ ಮೆಸೇಜನ್ನೂ ಅವನಿಗೆ ಓದಿ ಹೇಳಬೇಡಿ. ಎರಡನೇ ವಾರ ಅವನು ಬೇರೆ ಹೆಸರಿನಲ್ಲಿ ಖಾತೆ ತೆರೆದು ತನ್ನ ಹೆಸರನ್ನೇ ಹುಡುಕಿದ. ಇದು ಹೆಚ್ಚುಕಡಿಮೆ ಎಲ್ಲರೂ ಮಾಡುವುದೇ, ಬೈಯಲಿಲ್ಲ. ಹುಡುಕಬೇಕು ಅನ್ನಿಸಿದ ಸಮಯವನ್ನು ಬರೆದಿಡಲು ಹೇಳಿದೆವು. ರಾತ್ರಿ ಹನ್ನೊಂದರ ಹೊತ್ತಿಗೇ ಅನ್ನಿಸುತ್ತದೆ ಎಂದು ಗೊತ್ತಾಯಿತು. ಆ ಹೊತ್ತಿಗೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ, ಅಲಾರಾಂಗೆ ಹಳೇ ಗಡಿಯಾರ.

ಇನ್‌ಸ್ಟಾಗ್ರಾಂನಲ್ಲಿ ಬೇಡದ ಪದಗಳನ್ನು ಅಡಗಿಸುವ ಸೌಲಭ್ಯ ಇದೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಭಾಷೆಗಳ ಬೈಗುಳ ತಾನಾಗಿ ಸಿಕ್ಕಿಬೀಳುತ್ತದೆ ಎಂದು ನಂಬಬಾರದು. ಒಂದೇ ಬೈಗುಳವನ್ನು ನಾಲ್ಕೈದು ಸ್ಪೆಲ್ಲಿಂಗಿನಲ್ಲಿ ಕೈಯಾರೆ ಸೇರಿಸಬೇಕು. ಜೀವಬೆದರಿಕೆ ಬಂದರೆ ಬ್ಲಾಕ್ ಮಾಡುವ ಮೊದಲು ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಉಳಿಸಿ ಕ್ಲಬ್‌ಗೂ ಪೊಲೀಸರಿಗೂ ಕೊಡಬೇಕು. ಅಭಿಮಾನಿ ಎಂದು ಹೇಳಿಕೊಂಡು 'ನಾಳೆ ಯಾರು ಆಡ್ತಾರೆ, ಯಾರಿಗೆ ಗಾಯ' ಎಂದು ಕೇಳುವವರಿಗೆ ಉತ್ತರಿಸಲೇಬಾರದು. ಅದು ಬೆಟ್ಟಿಂಗ್ ಜಾಲದ ಮೊದಲ ಹೆಜ್ಜೆ ಇರಬಹುದು, ಅದನ್ನೂ ಕ್ಲಬ್‌ಗೆ ತಿಳಿಸಬೇಕು.

ಮೈದಾನದ ಅಭ್ಯಾಸಕ್ಕೆ ಚಿಕ್ಕಪ್ಪನ ಮಗ ಜೊತೆಯಾದ. ಮಳೆ ಬಿಟ್ಟ ಹೊತ್ತಿನಲ್ಲಿ ಶಾಲೆಯ ಮೈದಾನಕ್ಕೆ ಬ್ಲೂಟೂತ್ ಸ್ಪೀಕರ್ ಒಯ್ದು, ಬೇಕೆಂದೇ ತಪ್ಪು ಪಾಸ್ ಮಾಡಿಸಿ, ಪಂದ್ಯದ ವಿಡಿಯೊದಿಂದ ತೆಗೆದ ಆ 'ಅಯ್ಯೋ' ಗದ್ದಲ ಹಾಕುವುದು. ಗದ್ದಲ ಕೇಳಿದ ಕೂಡಲೇ ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ. ಸಾಕ್ಸ್ ಒಮ್ಮೆ ಎಳೆದುಕೊಳ್ಳುವುದು. ಮುಂದಿನ ಕೆಲಸವನ್ನು ಬಾಯಲ್ಲಿ ಹೇಳುವುದು: 'ಏಳನೇ ನಂಬರ್ ನನ್ನವನು', ಅಂದರೆ ಎದುರಾಳಿಯ ಆ ಆಟಗಾರನನ್ನು ತಡೆಯುವುದು ನನ್ನ ಕೆಲಸ. ಎಲ್ಲ ಕೆಲವೇ ಸೆಕೆಂಡು. ಅದಾದ ಮೇಲಿನ ಮೊದಲ ಪಾಸ್ ಮುಂದಕ್ಕೇ ಇರಬೇಕು, ಐದು ಮೀಟರ್ ಆದರೂ ಸರಿ. ಮೊದಲು ಕಡಿಮೆ ಸದ್ದು, ನಂತರ ಏರಿಸಬೇಕು. ಮೊದಲ ದಿನವೇ ಪೂರ್ತಿ ಸದ್ದಿಗೆ ಹೋದರೆ ಎದೆ ಹೊಡೆದುಕೊಂಡು ಹುಡುಗ ಅಭ್ಯಾಸವನ್ನೇ ಬಿಡುತ್ತಾನೆ.

ಸೋತ ಮೇಲೆ ಗ್ಯಾಲರಿಗೆ ಕೈಮುಗಿಯಲು ಹೋಗಬೇಕಾ ಎಂದು ಕೇಳಿದ. ಹೋಗಬೇಕು, ತಂಡದ ಜೊತೆಗೆ. ಒಬ್ಬನೇ ಬೇಡ, ವಿವರಣೆಯೂ ಬೇಡ. ಬೇಲಿಯಾಚೆ ಎಂಥ ಮಾತು ಬಂದರೂ ದಾಟಬಾರದು. 2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಟಾಟನಂ ಕ್ಲಬ್‌ನ ಎರಿಕ್ ಡಯರ್, ತನ್ನ ತಮ್ಮ ಕೂತಿದ್ದ ಕಡೆ ಗಲಾಟೆ ಕಂಡು ಗ್ಯಾಲರಿ ಹತ್ತಿದರು. ನಾಲ್ಕು ಪಂದ್ಯಗಳ ನಿಷೇಧ ಬಿತ್ತು. ತಾನು ಬೈಸಿಕೊಂಡರೆ ತಡೆದುಕೊಳ್ಳುವವನು ಮನೆಯವರ ಎದುರು ಬೈಸಿಕೊಂಡರೆ ತಡೆಯುವುದಿಲ್ಲ. ಅಪ್ಪಯ್ಯ, ಅಮ್ಮ ಪಂದ್ಯಕ್ಕೆ ಬರುವುದಾದರೆ ಕ್ಲಬ್ ಕೊಡುವ ಕುಟುಂಬದ ಸೀಟಿನಲ್ಲೇ ಕೂರಲಿ ಎಂದೆವು.

ನಿಜವಾದ ಭಾರ ಇದ್ದದ್ದು ಊರಲ್ಲಿ. ಕ್ಲಬ್‌ನ ಅಭಿಮಾನಿ ಶರ್ಟಿನ ಅಭಿಮಾನಿ. ಆಟಗಾರ ಬಿಟ್ಟುಹೋದರೆ ಆ ನಂಬರಿಗೆ ಇನ್ನೊಬ್ಬ ಬರುತ್ತಾನೆ. ಒಂದೆರಡು ವರ್ಷದ ಕಾಂಟ್ರಾಕ್ಟಿನ ಮೇಲೆ ಆಡುವವನಿಗೂ ಅದು ಗೊತ್ತು. ಊರಿನ ಅಭಿಮಾನಿಗೆ ಆಫ್‌ಸೈಡ್ ಗೊತ್ತಿಲ್ಲದಿರಬಹುದು, ಅವನು ಈ ಹುಡುಗನ ಅಭಿಮಾನಿ. ಕ್ಲಬ್ ಸೇರಿದಾಗ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದ್ದರು, ಶಾಲು, ಹಾರ, ಪೇಟ ಹಾಕಿ ಸನ್ಮಾನ ಮಾಡಿದ್ದರು. ಈಗ ಅವರು "ಎಂತ ಆಯ್ತಾ ಆವತ್ತು?" ಎಂದು ಪ್ರೀತಿಯಿಂದ ಕೇಳಿದರೂ ಇವನಿಗೆ ವಿಚಾರಣೆಯಂತೆ ಕೇಳುತ್ತಿತ್ತು. ಕ್ಷೌರಕ್ಕೂ ಪೇಟೆಗೆ ಹೋಗದೆ ಕೂದಲು ಬೆಳೆಸಿಕೊಂಡಿದ್ದ. ಒಂದೇ ಉತ್ತರವನ್ನು ಅವನ ಬಾಯಿಂದಲೇ ಕಟ್ಟಿಸಿದೆವು: "ಬಾಲ್ ಕಾಲಿಗೆ ತಾಗಿ ಒಳಗೆ ಹೋಯ್ತು ಮಾರಾಯ, ಈಗ ಮುಂದಿನ ಸೀಸನ್ನಿಗೆ ತಯಾರಿ." ಮೊದಲು ಸಲೂನಿನಲ್ಲಿ, ಮರುವಾರ ಹೋಟೆಲಿನಲ್ಲಿ ಹೇಳಬೇಕು. ಉದ್ದ ಮಾಡಿದರೆ ಎದುರಿನವರಿಗೆ ಮರುಪ್ರಶ್ನೆ ಸಿಗುತ್ತದೆ. ಸಲೂನಿನವನು ಕತ್ತರಿ ಆಡಿಸುತ್ತಲೇ "ಹೂಂ, ಆಗ್ತದೆ" ಎಂದು ಅಡಿಕೆ ಕೊಳೆರೋಗದ ವಿಷಯಕ್ಕೆ ಹೋದನಂತೆ.

ಆರನೆಯ ಭೇಟಿಯ ಹೊತ್ತಿಗೆ ಪಿಎಚ್‌ಕ್ಯೂ-9 ಅಂಕ 5ಕ್ಕೆ ಇಳಿದಿತ್ತು, ನಿದ್ದೆ ಬರುತ್ತಿತ್ತು. ನಡುವೆ ಕ್ಲಬ್‌ನಿಂದ ಫೋನ್ ಮಾಡಿ 'ರಿಪೋರ್ಟ್ ಕಳಿಸಿ' ಎಂದರು. ಸಲಹಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಕೊಡುವ ಹಾಗಿಲ್ಲ ಎಂದು ಹೇಳಿ ಕೊಡಲಿಲ್ಲ. ಮುಂದಿನ ಕಾಂಟ್ರಾಕ್ಟ್ ಮಾತಾಡುವವರ ಕೈಗೆ ಇಂಥ ಕಾಗದ ಹೋಗಬಾರದು.

ಮಾತ್ರೆ ಬೇಕಾಗಬಹುದಾ ಎಂಬ ಭಯವೂ ಅವನಿಗಿತ್ತು, ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಎಂದು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ನಿಷೇಧಿತ ಪಟ್ಟಿಯಲ್ಲಿಲ್ಲ. ಅದಕ್ಕಿಂತ ಅಪಾಯ, ಯಾರೋ ಕೊಟ್ಟ ಶಕ್ತಿಯ ಪುಡಿ ಮತ್ತು ಒಳಗೇನಿದೆ ಎಂದು ತಿಳಿಯದ ನಾಟಿ ಮದ್ದು. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ ಅಥವಾ ಸಾಯುವ ಯೋಚನೆ ಸುಳಿದರೆ ಆಪ್ತಸಲಹೆ ಒಂದೇ ಸಾಲದು. ಶಿವಮೊಗ್ಗದ ಸುತ್ತಮುತ್ತಲಿನವರು ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು, ತಾನು ಡೋಪಿಂಗ್ ಪರೀಕ್ಷೆಗೆ ಒಳಪಡುವ ಆಟಗಾರ ಎಂದು ಮೊದಲೇ ಹೇಳಬೇಕು. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡಬೇಕು. ಟೆಲಿಮನಸ್ ಸಹಾಯವಾಣಿ ಅದು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.